ಎರಡನೇ ಗೇಟಿನ ಕೀಲಿಕೈ

ಮುಂದಿನ ಸೀಟಿನವನ ಬೋಳುತಲೆಯ ಮೇಲೆ ಬಿಸಿಲು ಮತ್ತೆ ಬಂದು ಕೂತಿತು, ಬಸ್ಸು ಎಡಕ್ಕೆ ತಿರುಗಿದರೆ ಕಿವಿಯ ಕಡೆಗೆ ಜಾರುತ್ತದೆ, ಬಲಕ್ಕೆ ತಿರುಗಿದರೆ ನಡುನೆತ್ತಿಗೆ ಬರುತ್ತದೆ, ಹದಿನಾಲ್ಕು ತಿರುವಿನವರೆಗೆ ಎಣಿಸಿದ್ದೆ, ಅಷ್ಟರಲ್ಲಿ ಅತ್ತೆ ಮೊಣಕೈಯಿಂದ ತಿವಿದು ಲೆಕ್ಕ ತಪ್ಪಿಸಿದರು — ನೋಡೇ, ಇವರಿಗೆ ಹೇಳ್ತಾ ಇದ್ದೆ, ನೀನೇ ಅಲ್ವೇನೇ ನೀರು ಬಿಡೋದು — ಇವರಿಗೆ ಅಂದರೆ ಪಕ್ಕದ ಸಾಲಿನ ಟೀಚರಮ್ಮನಿಗೆ, ನಿವೃತ್ತಿಯಾದರೂ ಯಾರನ್ನು ಕಂಡರೂ ಹಾಜರಿ ಕರೆಯುವವರ ಹಾಗೆ ನೋಡುವ ಹೆಂಗಸು, ಹೌದೇನ್ರೀ, ನೀರು ಯಾರಾದ್ರೂ ಬಿಡೋದಾ, ಅದಾಗೇ ಬೀಳಲ್ವಾ ಅಂದರು, ನಾನು ಸುಮ್ಮನೆ ನಕ್ಕೆ, ಇಂಥ ಕಡೆ ಸುಮ್ಮನೆ ನಗುವುದರಲ್ಲಿ ಇರುವ ಗತ್ತು ಮಾತಿನಲ್ಲಿ ಇರುವುದಿಲ್ಲ. ಅದಾಗೇ ಬೀಳುವುದಂತೆ! ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಸರಿಯಾಗಿ ಅದು ಬೀಳುವುದು ನನ್ನ ಬಲಗೈ ತೋರುಬೆರಳಿನಿಂದ ಕಣಮ್ಮಾ, ಹೊಳೆಯ ನೀರನ್ನೆಲ್ಲ ಮೇಲೇ ಅಡ್ಡಗಟ್ಟಿ ಸುರಂಗದಲ್ಲಿ ನಗರಕ್ಕೆ ಎಳೆದುಕೊಂಡು ಬಿಟ್ಟಿದ್ದೇವೆ, ನೀವು ಬೆಳಿಗ್ಗೆ ಮುಖ ತೊಳೆದ ನೀರು ಅದೇ, ವಾರವೆಲ್ಲ ಜಲಪಾತ ಎಂದರೆ ಒಣಬಂಡೆ, ಶನಿವಾರ ಭಾನುವಾರ ಮಾತ್ರ ನಿಮ್ಮಂಥವರು ಬಸ್ಸು ತುಂಬಿಕೊಂಡು ಬರುತ್ತೀರೆಂದು ಎರಡನೇ ಗೇಟನ್ನು ನಲವತ್ತು ಸೆಂಟಿಮೀಟರ್ ಎತ್ತುತ್ತೇವೆ, ಮೂರಕ್ಕೆ ಇಳಿಸುತ್ತೇವೆ, ಅದೂ ಇಲ್ಲಿ ನಿಂತು ಅಲ್ಲ, ನೂರು ಕಿಲೋಮೀಟರ್ ಆಚೆ, ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕೀಲಿಕೈ ಹಾಕಿ ತಿರುವಿ ಗುಂಡಿ ಒತ್ತಿದರೆ ಪರದೆಯ ಮೇಲೆ ಹಸಿರು ಗೆರೆ ಮೇಲೇಳುತ್ತದೆ, ಹತ್ತು, ಇಪ್ಪತ್ತು, ಮೂವತ್ತು, ನಲವತ್ತು — ಅದೇ ನನ್ನ ಜಲಪಾತ. ಇದುವರೆಗೆ ನಾನು ಕಂಡದ್ದು ಆ ಗೆರೆ ಒಂದೇ. ನೀರು ಹೇಗಿರುತ್ತದೆಂದು ಕೇಳಿದರೆ ನಲವತ್ತು ಎನ್ನಬೇಕು.

ಕರೆದುಕೊಂಡು ಹೋಗಿ ಎಂದು ಇವರನ್ನು ಎಷ್ಟು ಸಲ ಕೇಳಿಲ್ಲ, ಅಲ್ಲೇನಿದೆ, ಮೇಲಿಂದ ಕೆಳಕ್ಕೆ ನೀರು, ನಲ್ಲಿ ತಿರುಗಿಸಿದರೂ ಅದೇ ಅನ್ನುವ ಗಂಡ, ಈಗ ನೋಡು, ಕಿಟಕಿ ಪಕ್ಕದ ಸೀಟು ನನ್ನಿಂದ ಕಿತ್ತುಕೊಂಡು, ಬಾಯಿ ತೆರೆದು ನಿದ್ದೆ, ಕಣಿವೆ ಬಂದರೂ ನಿದ್ದೆ, ಕಾಡು ಬಂದರೂ ನಿದ್ದೆ, ಗೈಡು ಮೈಕಿನಲ್ಲಿ ಕಿರುಚಿದರೂ ನಿದ್ದೆ — ಪ್ರಯಾಣಿಕರೇ, ಎಡಗಡೆ ನೋಡಿ, ಎಡಗಡೆ ನೋಡಿ, ಹೋಯ್ತು. ಈ ಗೈಡಿಗೆ ಎಲ್ಲವೂ ಎಡಗಡೆಯೇ, ಎಲ್ಲವೂ ಹೋದಮೇಲೆಯೇ. ಕೊನೆಗೆ ನಾನೇ ಮೂರು ಟಿಕೆಟ್ ತೆಗೆದೆ, ಅತ್ತೆಗೆ ಎಂಬತ್ತಾಗುತ್ತಾ ಬಂತು, ಸೊಸೆ ಬಿಡೋ ನೀರನ್ನ ಒಂದ್ಸಲ ಕಣ್ಣಾರೆ ನೋಡ್ಬಿಡ್ತೀನಿ ಎಂದು ವರ್ಷದಿಂದ ಜಪ, ಮಗಳಿದ್ದರೂ ಇಷ್ಟು ಕೊಚ್ಚಿಕೊಳ್ಳುತ್ತಿರಲಿಲ್ಲ, ತರಕಾರಿಯವನಿಗೂ ಗೊತ್ತು, ಹಲ್ಲಿನ ಡಾಕ್ಟರಿಗೂ ಗೊತ್ತು, ಬಾಯಿ ತೆರೆದುಕೊಂಡೇ ಹೇಳಿದ್ದಾರೆ. ಮೊದಲ ಸಲ ಶನಿವಾರ ರಜೆ ಹಾಕಿದೆ. ಶನಿವಾರ ರಜೆಯಾ, ನೀವಾ, ಎಂದು ಚೀಫ್ ಕನ್ನಡಕ ತೆಗೆದು ನೋಡಿದರು. ಹಾಕಿ ಹಾಕಿ, ಸೋಮವಾರ ಹೇಗೂ ನಿಮ್ಮ ಆರ್ಡರ್‌ಗೆ ಸಹಿ ಹಾಕ್ತೀನಿ, ಪಾಳಿ ಮುಖ್ಯಸ್ಥೆ ಆದ್ಮೇಲೆ ರಜೆ ಕನಸು. ಪಾಳಿ ಮುಖ್ಯಸ್ಥೆ. ಬಾಗಿಲ ಮೇಲೆ ಫಲಕ ಹಾಕುತ್ತಾರೋ ಮೇಜಿನ ಮೇಲೆ ಇಡುತ್ತಾರೋ, ಮೇಜಿನ ಮೇಲಾದರೆ ಒರೆಸುವುದು ಸುಲಭ.

ಇವತ್ತು ನನ್ನ ಜಾಗದಲ್ಲಿ ಇರುವವರು ತಡೀರಿ. ಅವರಿಗೊಂದು ಹೆಸರಿದೆ, ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ, ಏನು ಕೇಳಿದರೂ ಸ್ವಲ್ಪ ತಡೀರಿ ಅನ್ನುವುದರಿಂದ ಇಡೀ ಕಚೇರಿಗೆ ತಡೀರಿ, ಬೆಂಕಿ ಬಿತ್ತು ಎಂದರೂ ಸ್ವಲ್ಪ ತಡೀರಿ ಎಂದು ಕನ್ನಡಕ ಹುಡುಕಿಕೊಂಡು ಆಮೇಲೆ ಓಡುವ ಆಸಾಮಿ, ಬೂದುಬಣ್ಣದ ಪ್ಯಾಂಟು, ವಾರಕ್ಕೆ ಆರು ದಿನ ಅದೇ ಪ್ಯಾಂಟೋ ಒಂದೇ ಬಣ್ಣದ ಆರು ಪ್ಯಾಂಟೋ ನಾನಂತೂ ಕೇಳಿಲ್ಲ. ಕೆಟ್ಟವರಲ್ಲ. ನಿವೃತ್ತಿಗೆ ಎಂಟು ತಿಂಗಳು, ಮದುವೆಯಿಲ್ಲ, ಮನೆಯಲ್ಲಿ ಒಬ್ಬ ಅಕ್ಕ, ಕಣ್ಣು ಮಂಜು, ಮಧ್ಯಾಹ್ನ ಊಟದ ಹೊತ್ತಿಗೆ ನಡೆದು ಹೋಗಿ ಅಕ್ಕನ ಕಣ್ಣಿಗೆ ಔಷಧಿಯ ಹನಿ ಹಾಕಿ ನಡೆದು ಬರುತ್ತಾರೆ, ನಾನು ಗಡಿಯಾರ ನೋಡುತ್ತೇನೆ, ಮೂರು ನಿಮಿಷ ತಡವಾದರೆ ಕೆಮ್ಮುತ್ತೇನೆ. ಹೋದ ವರ್ಷ ಒಂದು ಭಾನುವಾರ ಗೇಟನ್ನು ಏಳು ನಿಮಿಷ ತಡವಾಗಿ ಎತ್ತಿದರು, ಕೀಲಿಕೈ ಸಿಗಲಿಲ್ಲವಂತೆ, ಅಂಗಿಯ ಜೇಬಿನಲ್ಲೇ ಇತ್ತಂತೆ, ನನಗೆ ಮೈಯೆಲ್ಲ ಉರಿದುಹೋಯಿತು, ಎರಡು ಪುಟದ ದೂರು ಬರೆದೆ, ಬರೆಯುವಾಗ ಎಷ್ಟು ಹಾಯಾಗಿತ್ತು, ಚೀಫ್ ಕರೆಸಿ ಅವರಿಗೆ ಹೇಳಿದರು, ಇನ್ನೊಂದು ಸಲ ಹಿಂಗಾದ್ರೆ ಹಳೇ ಪಂಪ್‌ಹೌಸ್‌ಗೆ ಹಾಕ್ತೀನಿ ನೋಡಿ. ಹಳೇ ಪಂಪ್‌ಹೌಸ್ ಎಂದರೆ ರಸ್ತೆ ಮುಗಿದ ಮೇಲೂ ಅರ್ಧ ಗಂಟೆ, ಅಲ್ಲಿ ಕಪ್ಪೆ ಬಿಟ್ಟರೆ ಮಾತಿಗೆ ಜನವಿಲ್ಲ, ಮಧ್ಯಾಹ್ನ ನಡೆದು ಮನೆಗೆ ಬರುವ ಮಾತಂತೂ ಇಲ್ಲವೇ ಇಲ್ಲ.

ಆಮೇಲೆ ನಾನೇ ಮುಂದೆ ನಿಂತು ಎಲ್ಲ ಸರಿಮಾಡಿದೆ, ಬಡಗಿಯಿಂದ ಅಂಗೈಯಗಲದ ಮರದ ತುಂಡು ಕೊಯ್ಯಿಸಿ ಕೀಲಿಕೈಯನ್ನು ಕೆಂಪು ದಾರದಲ್ಲಿ ಅದಕ್ಕೆ ಕಟ್ಟಿದೆ, ಯಾರ ಜೇಬಿಗೂ ತೂರಬಾರದು, ಕೊಡುವವರು ತೆಗೆದುಕೊಳ್ಳುವವರು ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಬೇಕು, ಇನ್ನೊಂದು ಕೀಲಿಕೈ ಚೀಫ್ ಬೀರುವಿನಲ್ಲಿ, ಅದು ಬೇಕಾದರೆ ನಮೂನೆ ತುಂಬಿಯೇ ತೆಗೆಯಬೇಕು, ನಮೂನೆ ಬರೆದವಳೂ ನಾನೇ — ಕೀಲಿಕೈ ಕಳೆದುದರ ಬಗ್ಗೆ ತಪ್ಪೊಪ್ಪಿಗೆ, ಮೂರನೇ ಸಾಲು, ಕಳೆದವರ ಪೂರ್ಣ ಹೆಸರು. ಹೆಸರು ಬೇಕೇನಮ್ಮಾ, ದಿನಾಂಕ ಸಾಲದಾ ಎಂದರು ಚೀಫ್. ಬೇಕು ಸಾರ್, ಹೆಸರು ಬರೆಸಿದರೇನೇ ಬುದ್ಧಿ ಬರೋದು. ಇದುವರೆಗೆ ಯಾರೂ ತುಂಬಿಲ್ಲ, ನಲವತ್ತು ಪ್ರತಿ ಅಚ್ಚು ಹಾಕಿಸಿದ್ದು ಹಾಗೇ ಇದೆ, ಅದೇ ನನ್ನ ಆಡಳಿತಕ್ಕೆ ಸಾಕ್ಷಿ.

ಇಳೀರಿ ಇಳೀರಿ, ಹನ್ನೊಂದಕ್ಕೆ ಹತ್ತು ನಿಮಿಷ ಇದೆ — ಗೈಡು ಬಾಗಿಲು ಬಡಿಯುತ್ತಿದ್ದಾನೆ, ಇವರನ್ನು ಅಲುಗಾಡಿಸಿ ಎಬ್ಬಿಸಿದೆ, ಬಂತಾ, ಬಂತು, ಎಲ್ಲಿ, ಮೊದಲು ಇಳೀರಿ. ಮೆಟ್ಟಿಲು, ಮೆಟ್ಟಿಲು, ಅತ್ತೆಯ ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕಂಬಿಯ ಮೇಲೆ, ಕೆಳಗೆ ಕಲ್ಲಿನ ಕಟ್ಟೆ, ಎದುರಿಗೆ ಅಗೋ, ಅದು. ಬೂದು ಬಂಡೆ. ಇಷ್ಟು ಎತ್ತರವೇ! ನಲವತ್ತು ಎಂದರೆ ಇಷ್ಟು ಎತ್ತರದಿಂದ ಬೀಳುವುದೇ! ನೋಡಿ, ಮೇಲೆ ಬಂಡೆ ಮೂಗು ಮುಂದೆ ಚಾಚಿದೆಯಲ್ಲ, ಅಲ್ಲಿ ನೀರು ಎರಡು ಸೀಳಾಗಿ ಬೀಳುತ್ತೆ ಪ್ರಯಾಣಿಕರೇ, ಪ್ರಪಂಚದಲ್ಲೇ ಎಲ್ಲೂ ಇಲ್ಲ. ಈ ಪ್ರಪಂಚ ಇವನಿಗೆ ಎಲ್ಲಿಂದ ಎಲ್ಲಿಯವರೆಗೋ. ಅಷ್ಟರಲ್ಲಿ ಪ್ಲಾಸ್ಟಿಕ್ ಮಳೆಕೋಟಿನವಳು ಬಂದು ಮುತ್ತಿಕೊಂಡಳು, ಹನಿ ಹಾರುತ್ತೆ ಅಕ್ಕಾ, ತೊಪ್ಪೆ ಆಗ್ತೀರ ಅಕ್ಕಾ, ಹಳದಿ ಐತೆ ನೀಲಿ ಐತೆ, ಎಲ್ಲರೂ ಕೊಂಡರು, ಬಿಸಿಲು ನೆತ್ತಿ ಸುಡುತ್ತಿದೆ, ಮೋಡದ ಒಂದು ಚೂರಿಲ್ಲ, ಮುನ್ನೂರು ಜನ ಮಳೆಕೋಟು ಹಾಕಿಕೊಂಡು ಒಣಬಂಡೆಯ ಎದುರು ಸಾಲಾಗಿ ನಿಂತಿದ್ದೇವೆ, ಅತ್ತೆ ಹಳದಿಯದನ್ನು ಗಲ್ಲದವರೆಗೆ ಗುಂಡಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ, ಕೊಡೆಯನ್ನೂ ಬಿಚ್ಚಿದ್ದಾರೆ. ಬೆವರು ಹರಿಯುತ್ತಿದೆ, ಅದೊಂದೇ ಹರಿಯುತ್ತಿರುವುದು.

ಹನ್ನೊಂದು. ಎಲ್ಲರೂ ಫೋನು ಎತ್ತಿ ಹಿಡಿದರು. ಗೈಡು ಕೈ ಎತ್ತಿ ಹತ್ತರಿಂದ ಕೆಳಗೆ ಎಣಿಸಿದ, ಮೂರು, ಎರಡು, ಒಂದು — ಬಂಡೆಯ ಮೇಲಿಂದ ಒಂದು ಕಾಗೆ ಹಾರಿತು. ಮತ್ತೆ ಹತ್ತರಿಂದ ಎಣಿಸಿದ. ಎರಡು ನಿಮಿಷ, ನಾಲ್ಕು ನಿಮಿಷ, ಸುಳ್ಳು ಹೇಳುವುದೇಕೆ, ನನಗೆ ಸಂತೋಷವೇ, ತಡೀರಿ ಮತ್ತೆ ತಡ! ಅಯ್ಯೋ ಮಾರಾಯರೇ, ಒಂದು ಶನಿವಾರ ನಾನಿಲ್ಲದಿದ್ದರೆ ಇಷ್ಟೇ, ನಾನು ಹೇಳಿದ್ದೆ, ಹೇಳಿದ್ದೆ, ಮರದ ತುಂಡು ಕಟ್ಟಿದರೂ ಅಷ್ಟೇ, ಈ ಮನುಷ್ಯನನ್ನೇ ಮರದ ತುಂಡಿಗೆ ಕಟ್ಟಬೇಕಿತ್ತು, ಈ ಸಲ ದೂರು ಮೂರು ಪುಟ, ಪ್ರತ್ಯಕ್ಷ ಕಂಡಂತೆ ಎಂದೇ ಶುರುಮಾಡುತ್ತೇನೆ, ಮುನ್ನೂರು ಪ್ರವಾಸಿಗರ ಎದುರಿನಲ್ಲಿ ನಾನು ಪ್ರತ್ಯಕ್ಷ ಕಂಡಂತೆ, ಎಷ್ಟು ಚೆನ್ನಾಗಿದೆ ವಾಕ್ಯ. ಹನ್ನೊಂದೂ ಹತ್ತು. ಏನ್ರೀ ಗೈಡು, ಎಲ್ರೀ ನೀರು, ಎಂದ ಬೋಳುತಲೆಯವನು. ಇವತ್ತು ಸ್ವಲ್ಪ ನಾಚಿಕೊಂಡಿದೆ ಸಾರ್. ನೀರು ನಾಚಿಕೊಳ್ಳುತ್ತೇನ್ರೀ, ನಮ್ಮನ್ನೇನು ಕುರಿ ಅಂದ್ಕೊಂಡ್ರಾ. ಆಗ ಅತ್ತೆಯ ಕೊಡೆ ಮೇಲಕ್ಕೆದ್ದಿತು — ಗಾಬರಿ ಬೇಡ, ಯಾರೂ ಗಾಬರಿ ಆಗಬೇಡಿ, ನೀರು ಬಿಡೋಳು ನನ್ನ ಸೊಸೆ, ಇಲ್ಲೇ ಇದಾಳೆ, ಇಗೋ ಇವಳೇ.

ಮುನ್ನೂರು ಮಳೆಕೋಟುಗಳು ನನ್ನ ಕಡೆ ತಿರುಗಿದವು, ಪ್ಲಾಸ್ಟಿಕ್ಕು ಸರಬರ ಎಂದ ಸದ್ದು ಇನ್ನೂ ಕಿವಿಯಲ್ಲಿದೆ. ಇವರೇನಾ, ಇವರೇ ಅಂತೆ, ಮತ್ತೆ ಬಿಡಿ ಮೇಡಂ, ಯಾಕ್ ಬಿಡ್ತಾ ಇಲ್ಲ, ನಮ್ಮ ಮಗು ಅಳ್ತಾ ಇದೆ ಬಿಡ್ರೀ. ಟೀಚರಮ್ಮ ಹಣೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೂ ಬಂಡೆಯನ್ನೂ ನೋಡಿದರು, ಇಬ್ಬರಿಗೂ ಸೊನ್ನೆ ಕೊಟ್ಟಂತಿತ್ತು. ನಾನೂ ಬಿಗಿಯಾಗಿ ನಿಂತೆ, ಏನಿಲ್ಲ, ನಮ್ಮ ಸಿಬ್ಬಂದಿ ಒಬ್ಬರು ಸ್ವಲ್ಪ ನಿಧಾನ, ಈಗಲೇ ಒಂದು ಫೋನ್ ಮಾಡ್ತೀನಿ, ನೋಡ್ತಾ ಇರಿ ಎಂದೆ, ಗಂಡ ಕೂಡ ಹುಬ್ಬೇರಿಸಿ ನೋಡಿದರು, ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ, ಫೋನಿನ ಅಕ್ಷರ ಕಾಣಲಿಲ್ಲ, ಚೀಲದಿಂದ ಕನ್ನಡಕದ ಡಬ್ಬಿ ತೆಗೆದೆ, ತೆರೆದೆ. ಕನ್ನಡಕದ ಜೊತೆ ಕೀಲಿಕೈ ಇತ್ತು.

ಟಪ್ಪೆಂದು ಮುಚ್ಚಿದೆ. ಇಲ್ಲ, ಅದು ಮನೆಯದು, ಮನೆಯದು ಅಂತ ತಿರುಗಿ ತೆರೆದೆ, ಹಿತ್ತಾಳೆ, ತಲೆಯ ಮೇಲೆ ಎರಡು ಎಂದು ಕೊರೆದಿದೆ, ಕನ್ನಡಕ ಮಾತ್ರ ಎಳೆದುಕೊಂಡು ಮುಚ್ಚಿದೆ. ಶುಕ್ರವಾರ — ಶುಕ್ರವಾರ ಸಂಜೆ ಐದಕ್ಕೆ ಐದು ನಿಮಿಷ, ಆ ಕೆಂಪು ದಾರ ಕೊಳೆಯಾಗಿ ಕಪ್ಪಗಿತ್ತು, ನಾನು ರಜೆಯಲ್ಲಿದ್ದಾಗ ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಹೊಸ ದಾರ ಪೋಣಿಸಲು ಬಿಚ್ಚಿದೆ, ದಾರ ಪೋಣಿಸಲು ಕನ್ನಡಕ ಬೇಕು, ಡಬ್ಬಿ ತೆರೆದು ಕನ್ನಡಕ ತೆಗೆದೆ, ಕೀಲಿಕೈ ಬಿದ್ದುಹೋಗದಿರಲಿ ಎಂದು ಡಬ್ಬಿಯೊಳಗಿಟ್ಟೆ, ಮರದ ತುಂಡಿಗೆ ಹೊಸ ದಾರ ಕಟ್ಟಿದೆ, ಚೆನ್ನಾಗಿ ಮೂರು ಗಂಟು, ಗಡಿಯಾರ ನೋಡಿದೆ, ಐದು, ಕನ್ನಡಕ ಡಬ್ಬಿಗೆ, ಡಬ್ಬಿ ಚೀಲಕ್ಕೆ, ಮರದ ತುಂಡು ತಡೀರಿಯ ಕೈಗೆ. ಬರೀ ಮರದ ತುಂಡು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಬಾಯಿ ತೆರೆದರು, ಸ್ವಲ್ಪ ತ — ಅನ್ನುವಷ್ಟರಲ್ಲಿ ನಾನು ಪುಸ್ತಕ ಮುಂದೆ ತಳ್ಳಿ, ಸಹಿ, ಎಂದೆ. ಬಾಯಿ ಮುಚ್ಚಿ ಸಹಿ ಹಾಕಿದರು. ಮರದ ತುಂಡನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಮೊಳೆಗೆ ನೇತುಹಾಕಿದರು.

ಏನಾಯ್ತೇ, ಬೆವರ್ತಾ ಇದೀಯಾ ಎಂದರು ಅತ್ತೆ. ಕೋಟು, ಕೋಟಿನ ಸೆಕೆ. ಇಲ್ಲಿ ಸಿಗ್ನಲ್ ಸಿಗೋದು ಆ ಒಂದು ಕಲ್ಲಿನ ಮೇಲೆ ಮಾತ್ರ, ಮೇಡಂಗೆ ದಾರಿ ಬಿಡಿ, ದಾರಿ ಬಿಡಿ, ನೀರಿನ ಮೇಡಂ — ಗೈಡು ನನ್ನ ಮುಂದೆ ಮುಂದೆ ಜನರನ್ನು ಸರಿಸುತ್ತಾ ಹೋದ, ನಿಂತು ಫೋನು ಮಾಡುವ ಆ ಕಲ್ಲಿಗೂ ಒಂದು ಸಾಲಿತ್ತು, ಎಂಟು ಹತ್ತು ಜನ, ಎಲ್ಲರೂ ಪಕ್ಕಕ್ಕೆ ಸರಿದರು, ನಾನು ಏರಿದೆ, ಕಲ್ಲು ಎರಡು ಪಾದಕ್ಕೆ ಸರಿಹೋಗುವಷ್ಟೇ ಅಗಲ. ಮೊದಲ ಗಂಟೆಗೇ ತಡೀರಿ ಎತ್ತಿದರು. ಮೇಡಂ, ದೇವರು ಬಂದಂಗೆ ಬಂದ್ರಿ ಮೇಡಂ. ದನಿಯಲ್ಲಿ ನೀರಿನ ಅಂಶವಿತ್ತು. ಮೇಡಂ, ಮರ ಇದೆ, ಕೀ ಇಲ್ಲ. ಹೂಂ ಎಂದೆ. ಗಂಟು ಗಟ್ಟಿಯಾಗೇ ಇದೆ, ಮೂರು ಗಂಟು, ಕೀ ಮಾತ್ರ ಇಲ್ಲ, ಎಂಥ ಮಾಯ ಮೇಡಂ ಇದು. ಹುಡುಕಿದ್ರಾ, ಎಂದೆ — ನಾನೇ, ಈ ಬಾಯಿಂದಲೇ ಕೇಳಿದೆ, ಹುಡುಕಿದ್ರಾ. ಮೇಜಿನ ಕೆಳಗೆ ಹೊಟ್ಟೆ ಮೇಲೆ ಮಲಗಿ ಹುಡುಕ್ದೆ, ಕಸದಬುಟ್ಟಿ ಬೋರಲು ಹಾಕ್ದೆ, ಊಟದ ಡಬ್ಬಿ ಬಿಚ್ಚಿ ನೋಡ್ದೆ, ಎರಡೂ ಜೇಬು ಹೊರಗೆ ಎಳ್ದು ಹಂಗೇ ಬಿಟ್ಟಿದೀನಿ ಮೇಡಂ, ಯಾರು ಬಂದ್ರೂ ನೋಡ್ಲಿ ಅಂತ.

ಕಣ್ಣಿಗೆ ಕಟ್ಟಿತು. ಕಿಟಕಿಯಿಲ್ಲದ ಕೋಣೆ, ಬೂದುಬಣ್ಣದ ಪ್ಯಾಂಟು, ಎರಡು ಕಡೆ ಎರಡು ಬಿಳೀ ಜೇಬು ಹೊರಗೆ ನೇತಾಡುತ್ತಿವೆ, ಯಾರೂ ಬಂದಿಲ್ಲ, ಅವರು ಹಾಗೇ ನಿಂತಿದ್ದಾರೆ. ಹೇಳಿಬಿಡು, ನನ್ನ ಹತ್ರ ಇದೆ, ನಾಲ್ಕು ಮಾತು, ಕೀ ನನ್ನ ಹತ್ರ ಇದೆ. ನೋಡಿ, ಶುಕ್ರವಾರ, ಎಂದೆ. ಹೌದು ಮೇಡಂ, ಶುಕ್ರವಾರ ನೀವು ಕೊಟ್ರಿ, ನಾನೇ ಇಸ್ಕೊಂಡೆ, ಸಹಿ ಇದೆ. ಅಲ್ಲ, ಕೊಟ್ಟಾಗ ಅದರಲ್ಲಿ ಕೀ ಇತ್ತಾ ನೀವು ನೋಡಿದ್ರಾ. ಇತ್ತು ಮೇಡಂ, ನೀವು ಕೊಟ್ಟ ಮೇಲೆ ಇಲ್ದೇ ಇರುತ್ತಾ. ನೆನಪಿದೆ ಮೇಡಂ, ಕೈಗೆ ತಣ್ಣಗೆ ಹತ್ತಿತು. ತಣ್ಣಗೆ ಹತ್ತಿತಂತೆ! ನನ್ನ ಹೆದರಿಕೆಗೆ ಈ ಮನುಷ್ಯ ಇಲ್ಲದ ಕೀಲಿಕೈಯ ತಂಪನ್ನು ನೆನಪು ಮಾಡಿಕೊಂಡಿದ್ದಾರೆ, ಹನ್ನೊಂದು ವರ್ಷ ಕೆಮ್ಮಿದ್ದಕ್ಕೆ ಸಾರ್ಥಕವಾಯಿತು. ನಗು ಬಂತು. ಚೀಫ್ ಫೋನ್ ಮಾಡಿದ್ರು ಮೇಡಂ, ಯಾರದೋ ಮದುವೇಲಿದ್ರು, ಬೈದ್ರು, ನಮೂನೆ ತುಂಬಿ ವಾಚ್‌ಮನ್ ಕೈಗೆ ಕೊಟ್ರೆ ಬೀರು ತೆಗೀತಾನೆ ಅಂದ್ರು, ನಮೂನೆ ಮುಂದೆ ಇಟ್ಕೊಂಡಿದೀನಿ, ಎರಡು ಸಾಲು ತುಂಬಿದೆ, ಮೂರನೇದು ಹೆಸರು, ನಂದೇ ಬರೀಲಾ ಮೇಡಂ?

ಕೇಳಿದ್ದು ಸುಮ್ಮನೆ, ಅಪ್ಪಣೆಗಾಗಿ, ನೀರು ಕುಡಿದು ಬರಲಾ ಎಂದು ಕೇಳುವ ಹಾಗೆ. ಕಲ್ಲಿನ ಕೆಳಗೆ ಗೈಡು ಹಲ್ಲು ಕಿರಿಯುತ್ತಾ ಮೇಲೆ ನೋಡುತ್ತಿದ್ದಾನೆ, ಬೋಳುತಲೆಯವನು ಗಡಿಯಾರ ನೋಡುತ್ತಿದ್ದಾನೆ, ಆಚೆ ಹಳದಿ ಮಳೆಕೋಟು ಕೊಡೆ ಅಲ್ಲಾಡಿಸುತ್ತಿದೆ, ಸೋಮವಾರ ಆರ್ಡರ್, ಮೇಜಿನ ಮೇಲೆ ಫಲಕ, ನಲವತ್ತು ಪ್ರತಿ, ಮೊದಲನೆಯ ಪ್ರತಿಯಲ್ಲೇ ನನ್ನ ಪೂರ್ಣ ಹೆಸರು, ಕಚೇರಿಯಲ್ಲಿ ಗೋಡೆಗೋಡೆಗೂ ನಗು, ಚೀಫ್ ಕನ್ನಡಕ ತೆಗೆಯುವುದು, ನೀವಾ? ಬಾಯಿ ತೆರೆದೆ. ಸ್ವಲ್ಪ ತಡೀರಿ, ಎಂದೆ. ನಾನು, ಸ್ವಲ್ಪ ತಡೀರಿ! ಅವರಿಗೆ ಆ ಮಾತನ್ನು ಇದುವರೆಗೆ ಯಾರೂ ಹೇಳಿರಲಿಲ್ಲವೇನೋ. ಆಯ್ತು ಮೇಡಂ, ತಡೀತೀನಿ, ಆದ್ರೆ ಹನ್ನೆರಡೂವರೆಗೆ ಅಕ್ಕನ ಹನಿ. ಮೇಡಂ ಆಯ್ತಾ, ನಮ್ದೂ ಒಂದು ಕಾಲ್ ಇತ್ತು, ಎಂದು ಹಿಂದಿನಿಂದ ಯಾರೋ ಕೋಟು ಜಗ್ಗಿದರು, ಒಂದು ಕಾಲು ಕೆಳಗಿಟ್ಟೆ. ಒಂದೇ ಕಾಲು. ಫೋನಿನಲ್ಲಿ ಕರಕರ, ಮೇಡಂ, ಮೇಡ, ಅಷ್ಟೇ. ಜಗ್ಗಿದ್ದು ಮೆತ್ತಗೆ, ನಿಲ್ಲಬೇಕೆಂದರೆ ನಿಲ್ಲಬಹುದಿತ್ತು, ಕಾಲು ತೆಗೆದದ್ದು ನಾನೇ.

ಏನಂದ್ರು ಮೇಡಂ. ಬರುತ್ತೆ, ಈಗ ಬರುತ್ತೆ, ತಾಂತ್ರಿಕ. ತಾಂತ್ರಿಕ ಎನ್ನುವ ಮಾತಿಗೆ ಎಲ್ಲರೂ ತಲೆಯಾಡಿಸಿದರು, ಎಂಥ ಒಳ್ಳೆಯ ಮಾತು, ಯಾರ ಹೆಸರೂ ಅದರಲ್ಲಿಲ್ಲ. ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ, ಮತ್ತೊಂದು ಸಲ ಮಾಡಿ ಹೇಳಿಬಿಡುತ್ತೇನೆ, ಹೇಳುವುದೇ, ಅದರಲ್ಲಿ ಮಾತಿಲ್ಲ, ನನ್ನ ಹೆಸರು ಬರೀರಿ ಅನ್ನುವುದು, ಎಷ್ಟು ಹೊತ್ತಿನ ಕೆಲಸ. ಅಥವಾ ಸೋಮವಾರ ಬೇಗ ಹೋಗಿ ಬೀರುವಿನ ಹಿಂದೆ ಹಾಕಿ, ಅಯ್ಯೋ ಇಲ್ನೋಡಿ ತಡೀರಿ ಅವರೇ, ಇಲ್ಲೇ ಬಿದ್ದಿದೆಯಲ್ಲ ಎಂದರೆ, ಸಿಕ್ಕಿದ್ದು ಅವರಿಗೂ ಸಂತೋಷ, ಅಷ್ಟರಲ್ಲಿ ಪಂಪ್‌ಹೌಸ್ ಆರ್ಡರ್ ಆಗಿರದಿದ್ದರೆ, ಆಗಿದ್ದರೆ ನಾನೇ ಚೀಫ್‌ಗೆ ಹೇಳಿ, ಸಾರ್ ಪಾಪ, ವಯಸ್ಸಾಗಿದೆ ಎಂದು, ಥೂ, ಪಾಪ ಅನ್ನುವ ಬಾಯಿ ನೋಡು. ಮುಂದೆ ನಾಲ್ಕು ಜನ. ಒಬ್ಬ ಮನೆಗೆ ಬೀಗ ಹಾಕಿದ್ದೀಯಾ ಎಂದು ಯಾರನ್ನೋ ಕೇಳುತ್ತಿದ್ದಾನೆ, ಇನ್ನೊಬ್ಬಳು ಜಲಪಾತ ಸಖತ್ತಾಗಿದೆ ಕಣೇ ಎನ್ನುತ್ತಿದ್ದಾಳೆ, ಒಣಬಂಡೆಗೆ ಬೆನ್ನು ಮಾಡಿಕೊಂಡು. ಇನ್ನು ಇಬ್ಬರು. ಹಿಂದಿದ್ದ ಗರ್ಭಿಣಿಗೆ, ನೀವು ಹೋಗಿ ಮೊದಲು, ನಂದೇನು ಅರ್ಜೆಂಟ್ ಇಲ್ಲ ಎಂದೆ. ಆಮೇಲೆ ಅವಳ ಗಂಡನಿಗೆ. ಆಮೇಲೆ ಗಟ್ಟಿಮುಟ್ಟಾಗಿದ್ದ ಒಬ್ಬ ಪೈಲ್ವಾನನಂಥವನಿಗೆ, ಹೋಗಿಪ್ಪಾ, ಹೋಗಿ. ನೀವು ತುಂಬ ಒಳ್ಳೆಯವರು ಮೇಡಂ ಎಂದ. ನನಗೆ ನಾಚಿಕೆಯಾಯಿತು, ನಿಜವಾಗಿ, ಕಿವಿಯವರೆಗೆ ಬಿಸಿಯಾಗಿ, ಆದರೂ ಕಾಲು ಮುಂದಕ್ಕೆ ಹೋಗಲಿಲ್ಲ.

ಇವರು ಬಂದು ಪಕ್ಕದಲ್ಲಿ ನಿಂತರು, ಆಕಳಿಸಿದರು, ನೀಲಿ ಮಳೆಕೋಟಿನಲ್ಲಿ ಮುದುರಿದ ಪೊಟ್ಟಣದ ಹಾಗೆ ಕಾಣುತ್ತಿದ್ದಾರೆ. ಪಾಪ, ಇವತ್ತು ಯಾರಿಗೋ ಬಿತ್ತು ನೋಡು ಬೈಗುಳ ಎಂದರು. ಯಾರಿಗೆ. ಅದೇ ನಿಮ್ಮ ಆಫೀಸಿನ, ಅಕ್ಕನ ಕಣ್ಣಿಗೆ ಔಷಧಿ ಹಾಕ್ತಾರಲ್ಲ, ನೀನು ದಿನಾ ಬೈತೀಯಲ್ಲ, ಅವರಿಗೆ. ಈ ಮನುಷ್ಯ ಮನೆಯಲ್ಲಿ ನಾನು ಹೇಳುವುದನ್ನು ನಿದ್ದೆಯಲ್ಲಿ ಕೇಳಿಸಿಕೊಳ್ಳುತ್ತಾರೋ ಏನೋ, ಇಷ್ಟು ವರ್ಷ ಹೂಂ ಎಂದದ್ದೇ ಹೊರತು ಒಂದು ಮಾತು ಆಡಿದವರಲ್ಲ, ಇವತ್ತೇ ಆಡಬೇಕೇ. ಇವರಿಗಾದರೂ ಹೇಳಲೇ, ಡಬ್ಬಿ ತೆರೆದು ತೋರಿಸಲೇ, ಚೀಲದ ಮೇಲೆ ಕೈ ಇಟ್ಟೆ, ಡಬ್ಬಿ ಗಟ್ಟಿಯಾಗಿ ಕೈಗೆ ಹತ್ತಿತು, ಒಳಗೆ ಕೀಲಿಕೈ ಕಿಣಿಕ್ಕೆಂದಿತು, ಏನದು ಎಂದರು, ಚಿಲ್ಲರೆ, ಎಂದೆ. ಹನ್ನೊಂದೂ ನಲವತ್ತು. ಈಗಲೂ ಕೈಯಲ್ಲಿ ಪೆನ್ನು ಹಿಡಿದು ಕೂತಿರುತ್ತಾರೆ, ಕೂರಲು ಜೇಬು ಅಡ್ಡ ಬರುತ್ತದೇನೋ, ನಿಂತೇ ಇರುತ್ತಾರೆ, ತಡೀತೀನಿ ಎಂದಿದ್ದಾರೆ, ತಡೆಯುತ್ತಾರೆ, ನಾನು ಫೋನು ಮಾಡುವವರೆಗೂ ತಡೆಯುತ್ತಾರೆ, ಅಂಥ ಜನ, ಬಿಳೀ ಜೇಬು ಎರಡು ಕಡೆ. ಪೈಲ್ವಾನ ಇಳಿದ. ಸಾಲಿನಲ್ಲಿ ಈಗ ಇನ್ನು ಯಾರೂ ಇಲ್ಲ, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಬಿಟ್ಟುಕೊಡಲು ಒಂದು ನರಪಿಳ್ಳೆಯೂ ಉಳಿದಿಲ್ಲ, ಹೋಗೇ, ಹತ್ತು, ಹತ್ತಿದೆ, ಎರಡು ಪಾದ, ಸಿಗ್ನಲ್ ಮೂರು ಕಡ್ಡಿ, ನಂಬರು ಒತ್ತಿದೆ, ಕೀ ನನ್ನ ಹತ್ರ ಇದೆ, ಕೀ ನನ್ನ ಹತ್ರ ಇದೆ, ಗಂಟೆ ಹೋಗುತ್ತಿದೆ, ಒಂದು, ಎರಡು, ಎತ್ತುತ್ತಿಲ್ಲ, ಮೂರು —

ಮೇಲೆ ಎಲ್ಲೋ ಲಾರಿಯಿಂದ ಜಲ್ಲಿ ಸುರಿದಂತೆ ಸದ್ದು. ಬಂತು! ಬಂತು ಬಂತು ಬಂತು! ಮುನ್ನೂರು ಗಂಟಲು ಒಟ್ಟಿಗೆ. ಗಂಟೆ ಇನ್ನೂ ಹೋಗುತ್ತಿದೆ, ಯಾರು ಎತ್ತುತ್ತಾರೆ, ಅವರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹಸಿರು ಗೆರೆ ನೋಡುತ್ತಿರುತ್ತಾರೆ, ಹತ್ತು, ಇಪ್ಪತ್ತು, ಮೂವತ್ತು, ಬೀರು ತೆಗೆದಿದೆ ಎಂದರೆ ನಮೂನೆ ಕೊಟ್ಟಾಗಿದೆ, ಕೊಟ್ಟಿದ್ದಾರೆ ಎಂದರೆ ಮೂರನೇ ಸಾಲು ತುಂಬಿದೆ, ತಡೆಯಲಿಲ್ಲ, ಜನ್ಮದಲ್ಲಿ ಒಂದು ಸಲ ತಡೆಯಲಿಲ್ಲ, ಹನ್ನೆರಡೂವರೆಗೆ ಅಕ್ಕನ ಹನಿ. ಕೆಳಗೆ ಯಾರೋ ಚಪ್ಪಾಳೆ ಶುರುಮಾಡಿದರು, ಮೇಡಂ ಫೋನ್ ಮಾಡಿದ್ರು ನೀರು ಬಂತು, ನೋಡಿದ್ರಾ, ಕಿವಿಗಿಟ್ಟ ಕೂಡಲೇ ಬಂತು, ಎಲ್ಲರೂ ನನ್ನ ಕಡೆ ತಿರುಗಿ ತಟ್ಟುತ್ತಿದ್ದಾರೆ, ಒದ್ದೆ ಪ್ಲಾಸ್ಟಿಕ್ ತೋಳುಗಳು ಪಟಪಟ, ಟೀಚರಮ್ಮನೂ, ಬೋಳುತಲೆಯವನೂ, ಗಂಡನೂ, ಅತ್ತೆ ಕೊಡೆ ಬಿಸಾಡಿ ಎದ್ದು ನಿಂತು ಅಳುತ್ತಿದ್ದಾರೆ, ಇವಳೇ ಬಿಟ್ಟಿದ್ದು, ನನ್ನ ಸೊಸೆ ಬಿಟ್ಟಿದ್ದು, ನೋಡೇ, ನೀನೂ ನೋಡೇ, ಹನ್ನೊಂದು ವರ್ಷ ಆಯ್ತಲ್ಲೇ ನೀನು ನೋಡ್ಬೇಕು ಅಂತ, ಅಲ್ಲಿ ಏನು ಫೋನು, ನೋಡು. ನೋಡಿದೆ. ತಲೆಯೆತ್ತಿ ನೋಡಿದೆ. ಬಂಡೆಯ ಮೂಗಿನ ಈ ಕಡೆ ಒಂದು, ಆ ಕಡೆ ಒಂದು, ಬಿಳಿಯದು, ಉದ್ದ, ಒಳಗಿನದನ್ನೆಲ್ಲ ಹೊರಗೆ ಎಳೆದು ಹಾಗೇ ಬಿಟ್ಟದ್ದು, ನೇತಾಡುತ್ತಿದೆ, ಚೆನ್ನಾಗಿದೆ ಅಲ್ವೇನೇ, ಹೂಂ, ಬೂದು ಬಂಡೆ, ಎರಡು ಕಡೆ, ಯಾರು ಬಂದರೂ ನೋಡಲಿ ಎಂದು, ಎರಡು ಬಿಳೀ ಜೇಬು, ಎರಡು ಜೇಬು, ಜೇಬು